ಎಲೆಯಾಟವೂ ಶ್ರೇಯಾಂಕವೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮಕ್ಕಳ ಬಳಿಗೆ ‘ರ‍್ಯಾಂಕು’ ಎಂಬ ಮಾತು ಎರಡು ದಾರಿಗಳಿಂದ ಬಂದಿತು. ಒಂದು ಪೆಟ್ಟಿಗೆ ಅಂಗಡಿಯ ದಾರಿ; ಮತ್ತೊಂದು ಶಿಕ್ಷಣ ಇಲಾಖೆಯ ದಾರಿ. ಇಲಾಖೆಯ ಮಾತು ಆಮೇಲಾಗಲಿ, ಮೊದಲು ಅಂಗಡಿಯದು. ತೊಂಬತ್ತರ ದಶಕದಲ್ಲಿಯೂ ಅದರ ಮುಂದಿನ ದಶಕದಲ್ಲಿಯೂ ಶಾಲೆಗೆ ಹೋದವರು ‘ಟ್ರಂಪ್ ಕಾರ್ಡು’ಗಳನ್ನು ಮರೆತಿರಲಾರರು. ಅಂಗೈಯಗಲದ ಒಂದು ರಟ್ಟು. ಅದರ ಮೇಲೆ ಅಮೆರಿಕದ ಕುಸ್ತಿ ಪ್ರದರ್ಶನದ ಒಬ್ಬ ಜಟ್ಟಿಯ ಚಿತ್ರ. ಚಿತ್ರದ ಜೊತೆಗೆ ಅವನ ಎತ್ತರ, ತೂಕ, ಎದೆಯ ಅಳತೆ, ತೋಳಿನ ಅಳತೆ, ಆಡಿದ ಪಂದ್ಯಗಳು, ಗೆದ್ದ ಪಂದ್ಯಗಳು. ಇವೆಲ್ಲದರ ನಡುವೆ ಅವನ ರ‍್ಯಾಂಕು. ಸರದಿ ಬಂದ ಹುಡುಗ ತನ್ನ ಎಲೆಯ ಯಾವುದಾದರೊಂದು ಅಂಕಿಯನ್ನು ಕೂಗಿ ಹೇಳಬೇಕು. ಎದುರಿನವನು ತನ್ನ ಎಲೆಯಲ್ಲಿರುವ ಅದೇ ಬಗೆಯ ಅಂಕಿಯನ್ನು ತೋರಿಸಬೇಕು. ಯಾರದು ಹೆಚ್ಚೋ ಅವರಿಗೆ ಎರಡೆಲೆಯೂ ಸೇರುತ್ತಿದ್ದವು. ರ‍್ಯಾಂಕಿನ ವಿಷಯದಲ್ಲಿ ಮಾತ್ರ ಕಡಮೆಯ ಅಂಕಿಯೇ ಮೇಲು.

ಆ ಹುಡುಗರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಒಂದನೆಯ ರ‍್ಯಾಂಕಿನ ಎಲೆ ಕೈಯಲ್ಲಿದ್ದರೆ ರ‍್ಯಾಂಕನ್ನು ಕೂಗಬೇಕು; ನಲವತ್ತನೆಯ ರ‍್ಯಾಂಕಿನ ಭಾರೀ ಆಸಾಮಿ ಬಂದಿದ್ದರೆ ತೂಕವನ್ನು ಕೂಗಬೇಕು. ಎಂದರೆ ರ‍್ಯಾಂಕು ಹಲವು ಅಳತೆಗಳಲ್ಲಿ ಒಂದು ಅಳತೆಯೇ ಹೊರತು ಎಲ್ಲ ಅಳತೆಗಳ ಯಜಮಾನನಲ್ಲ. ಅದನ್ನು ಕೊಟ್ಟವರು ಯಾರು, ಯಾವ ಆಧಾರದ ಮೇಲೆ ಕೊಟ್ಟರು ಎಂದು ಕೇಳಿದ ಹುಡುಗನನ್ನು ನಾನು ಕಂಡಿಲ್ಲ. ಕೇಳಿದ್ದರೂ ಉತ್ತರ ದೊರೆಯುತ್ತಿರಲಿಲ್ಲ. ಆ ಕುಸ್ತಿಯ ಸೋಲುಗೆಲವುಗಳೇ ಮುಂಚಿತವಾಗಿ ಗೊತ್ತುಮಾಡಿಕೊಂಡವು.

ಅಂಕಿಯ ಹಿರಿಮೆ ಹೀಗೆ ಸಂದರ್ಭವನ್ನು ಅನುಸರಿಸುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಆಟಗಳಿಗೆ ಸ್ಥಾನವುಂಟು. ದಶಾವತಾರದ ಗಂಜೀಫಾದಲ್ಲಿ ಹತ್ತು ರಂಗುಗಳು. ರಂಗಿಗೆ 12ರಂತೆ 120 ಎಲೆಗಳು. ರಾಜ, ಮಂತ್ರಿ ಇಬ್ಬರೂ ಎಲ್ಲ ರಂಗುಗಳಲ್ಲಿಯೂ ಮೇಲಿನವರೇ. ಅವರ ಕೆಳಗಿನ ಎಲೆಗಳ ಪಾಡು ಬೇರೆ: ಅರ್ಧ ರಂಗುಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು, ಉಳಿದರ್ಧದಲ್ಲಿ ಒಂದೇ ದೊಡ್ಡದಾಗಿ ಹತ್ತು ಕಟ್ಟಕಡೆಗೆ ಹೋಗುತ್ತದೆ. ಎಲೆ ಅದೇ, ಅಂಕಿ ಅದೇ. ರಂಗು ಬದಲಾದೊಡನೆ ಮರ್ಯಾದೆಯೂ ಬದಲಾಗುತ್ತದೆ.

ಈ ಹಳೆಯ ಆಟದ ಮಾತನ್ನು ಈಗ ಎತ್ತಲು ಕಾರಣವಿದೆ. ಇಂದಿನ ಹುಡುಗರ ಎಲೆಗಳು ಜೇಬಿನಿಂದ ಫೋನಿನೊಳಕ್ಕೆ ಹೋಗಿವೆ. ಅಲ್ಲಿ ಶ್ರೇಯಾಂಕ ಎಲೆಯ ಮೇಲಿಲ್ಲ, ಆಡುವವನ ಹೆಸರಿನ ಮುಂದೆಯೇ ಇದೆ. ಇದರ ಜೊತೆಗೆ 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಬಗೆಗೆ ಒಂದು ಕಾಯ್ದೆಯನ್ನು ಅಂಗೀಕರಿಸಿತು. ಅದೇ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಹಣವನ್ನು ಪಣವಾಗಿ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ಆ ಕಾಯ್ದೆ ನಿಷೇಧಿಸುತ್ತದೆ. ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವನ್ನು ಅಲ್ಲಿ ಎಣಿಸುವುದಿಲ್ಲ. ಆದರೆ ಅದೇ ಕಾಯ್ದೆ ಇ-ಕ್ರೀಡೆಗೆ ಮಾನ್ಯತೆಯ ಬಾಗಿಲನ್ನು ತೆರೆದಿದೆ. ಆ ಬಾಗಿಲನ್ನು ದಾಟಬೇಕಾದರೆ ಆಟದ ಫಲಿತಾಂಶವು ಕೈಚಳಕ, ಬುದ್ಧಿಯ ಚುರುಕು, ತಂತ್ರಗಾರಿಕೆ ಇಂಥ ಗುಣಗಳಿಂದ ಮಾತ್ರವೇ ನಿರ್ಣಯವಾಗಬೇಕೆಂದು ಅದರ ಲಕ್ಷಣವಾಕ್ಯ ಹೇಳುತ್ತದೆ. ‘ಮಾತ್ರವೇ’ ಎಂಬ ಆ ಒಂದು ಮಾತಿನ ಮೇಲೆ ಎಲೆಯಾಟಗಳ ಭವಿಷ್ಯ ನಿಂತಿದೆ. ಎಲೆಗಳನ್ನು ಕಲಸಿ ಹಂಚುವ ಯಾವ ಆಟ ಈ ಪರೀಕ್ಷೆಯಲ್ಲಿ ತೇರ್ಗಡೆಯಾದೀತು?

ಇಲ್ಲಿಯೇ ಶ್ರೇಯಾಂಕಕ್ಕೆ ಬೆಲೆ ಬರುತ್ತದೆ. ಅದರ ಬೆಲೆ ಕೆಡುವುದೂ ಇಲ್ಲಿಯೇ. ಆಟದಲ್ಲಿ ಕೌಶಲ ಉಂಟೆ ಎಂಬ ಪ್ರಶ್ನೆಗೆ ಶ್ರೇಯಾಂಕ ಒಳ್ಳೆಯ ಸಾಕ್ಷಿ. ಆದರೆ ಅದನ್ನು ಸಾಕ್ಷಿಯ ಸ್ಥಾನದಿಂದ ಎಬ್ಬಿಸಿ ಗದ್ದುಗೆಯ ಮೇಲೆ ಕೂರಿಸಿದರೆ, ಅಲ್ಲಿಂದ ಮುಂದೆ ಅದು ಹೇಳುವ ಸಾಕ್ಷ್ಯವನ್ನು ನಂಬುವಂತಿಲ್ಲ.

ಮೊದಲು ಸಾಕ್ಷ್ಯದ ಮಾತು. ಉಗಾದಿಯ ಹೊತ್ತಿಗೆ ನಮ್ಮ ಕಡೆಯ ಊರುಗಳಲ್ಲಿ ಕಟ್ಟೆಯ ಮೇಲೆ ಇಸ್ಪೀಟು ಕೂಡುವುದನ್ನು ಎಲ್ಲರೂ ಬಲ್ಲರು. ರಮ್ಮಿಯಲ್ಲಿ ಯಾರೊಡನೆ ಕೂರಬಾರದು ಎಂಬುದು ಊರಿಗೆಲ್ಲ ತಿಳಿದಿರುತ್ತದೆ. ಒಬ್ಬಿಬ್ಬರ ಹೆಸರು ವರ್ಷ ವರ್ಷವೂ ಕೇಳಿಬರುತ್ತದೆ. ಅಂದರ್ ಬಾಹರ್ ಆಟದಲ್ಲಿ ಅಂಥ ಹೆಸರಿಲ್ಲ. ಒಂದು ರಾತ್ರಿ ಗೆದ್ದವನು ಮರುರಾತ್ರಿ ಬರಿಗೈಯಲ್ಲಿ ಏಳುತ್ತಾನೆ. ‘ಅಂದರ್ ಬಾಹರಿನಲ್ಲಿ ಅವನು ನಿಪುಣ’ ಎಂದು ಯಾರಾದರೂ ಹೇಳಿದರೆ, ಅದು ಹೊಗಳಿಕೆಯಲ್ಲ, ಮೋಸದ ಆರೋಪ. ಬರೆದಿಡದ ಈ ಶ್ರೇಯಾಂಕ ಎರಡು ಆಟಗಳ ಸ್ವಭಾವವನ್ನು ಬಿಡಿಸಿ ತೋರಿಸುತ್ತದೆ.

ನ್ಯಾಯಾಲಯ ನಡೆದ ಹಾದಿಯೂ ಇದಕ್ಕೆ ದೂರವಲ್ಲ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1967ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂಬ ವಿವೇಚನೆ ಬೇಕು. ಆದ್ದರಿಂದ ರಮ್ಮಿ ಪ್ರಧಾನವಾಗಿ ಕೌಶಲದ ಆಟ, ಮೂರೆಲೆಯ ಆಟದಂತಲ್ಲ ಎಂಬುದು ಆ ತೀರ್ಪಿನ ಸಾರ. ಗಮನಿಸಬೇಕಾದ ಮಾತು ‘ಪ್ರಧಾನವಾಗಿ’. ಹಂಚುವಲ್ಲಿ ಅದೃಷ್ಟವಿಲ್ಲವೆಂದು ನ್ಯಾಯಮೂರ್ತಿಗಳು ಹೇಳಲಿಲ್ಲ. ಬ್ರಿಡ್ಜ್ ಆಟದಲ್ಲಿಯೂ ಅಷ್ಟು ಅದೃಷ್ಟ ಉಂಟೆಂದೇ ಹೇಳಿದರು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣದ ಆನ್‌ಲೈನ್ ಆಟಗಳನ್ನು ತಡೆಯಹೊರಟಾಗ, 2022ರ ಫೆಬ್ರವರಿ 14ರಂದು ನಮ್ಮ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿದುದರ ಹಿಂದೆಯೂ ಕೌಶಲ-ಅದೃಷ್ಟಗಳ ಈ ವಿಭಾಗವೇ ಇತ್ತು. 1967ರ ‘ಪ್ರಧಾನವಾಗಿ’ಯಿಂದ 2025ರ ‘ಮಾತ್ರವೇ’ಗೆ ಬಂದಿರುವ ದೂರ ಸಣ್ಣದಲ್ಲ.

ಕಾವ್ಯವನ್ನು ಓದಿದವರಿಗೆ ಇಲ್ಲಿ ಇಬ್ಬರು ನೆನಪಾಗಬೇಕು. ಹಸ್ತಿನಾವತಿಯಲ್ಲಿ ಜೂಜುಗಾರರ ಪಟ್ಟಿಯನ್ನು ಇಟ್ಟಿದ್ದರೆ ಶಕುನಿಯದೇ ಮೊದಲ ಸ್ಥಾನ. ಅವನು ಸೋತ ಹಲಗೆಯೇ ಇಲ್ಲ. ಆದರೆ ಆ ಪಟ್ಟಿಗೆ ಎದುರಾಳಿ ಒಬ್ಬನೇ ಎಂಬುದು ಕಾಣುವುದಿಲ್ಲ. ದಾಳದೊಳಗೆ ಏನಿದೆ ಎಂಬುದೂ ಕಾಣುವುದಿಲ್ಲ. ಕನಕದಾಸರು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ತಂದ ಕಥೆಯ ನಳನದು ಬೇರೆ ಬಗೆ. ಪುಷ್ಕರನಿಗೆ ರಾಜ್ಯವನ್ನೇ ಸೋತವನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು ಬಂದು ಅದೇ ಪುಷ್ಕರನನ್ನು ಗೆದ್ದ. ಕಲಿತ ಮೇಲೆ ಫಲ ಬದಲಾಯಿತು. ಒಂದು ಆಟದಲ್ಲಿ ಕೌಶಲವುಂಟು ಎನ್ನಲು ಇದಕ್ಕಿಂತ ದೊಡ್ಡ ಪ್ರಮಾಣ ಬೇಕಾಗಿಲ್ಲ. ನಳನ ಎರಡು ಆಟಗಳನ್ನೂ ಸೇರಿಸಿ ಸರಾಸರಿ ತೆಗೆಯುವ ಪಟ್ಟಿ ಆ ಕಲಿಕೆಯನ್ನು ಮುಚ್ಚಿಹಾಕುತ್ತದೆ.

ಈಗ ನಮ್ಮ ಹುಡುಗರ ಆಟಕ್ಕೆ ಬರೋಣ. ಸಂಗ್ರಹದ ಎಲೆಯಾಟ ಇಸ್ಪೀಟಿನಂತೆ ಎಲ್ಲರಿಗೂ ಒಂದೇ ಕಟ್ಟನ್ನು ಕೊಡುವುದಿಲ್ಲ. ಆಡುವವನು ತಾನು ಕೊಂಡ, ಬದಲಾಯಿಸಿಕೊಂಡ ಎಲೆಗಳಿಂದ ತನ್ನ ಕಟ್ಟನ್ನು ತಾನೇ ಹೊಂದಿಸಿಕೊಂಡು ಬರುತ್ತಾನೆ. ಗಣಿತದ ವಿದ್ವಾಂಸನಾದ ಅಮೆರಿಕದ ರಿಚರ್ಡ್ ಗಾರ್‌ಫೀಲ್ಡ್ ರಚಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ 1993ರಲ್ಲಿ ಹೊರಬಂದಾಗ ಈ ಜಾತಿಯ ಆಟ ಜಗತ್ತಿನಲ್ಲಿ ನೆಲೆಯೂರಿತು. ಅದರ ಹಾದಿಯಲ್ಲಿ ಹುಟ್ಟಿ ಫೋನು-ಗಣಕಗಳ ಮೇಲೆ ಬೆಳೆದದ್ದು 2014ರ ‘ಹಾರ್ತ್‌ಸ್ಟೋನ್’. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆ ಪ್ರದರ್ಶನದ ಆಟವಾಗಿದ್ದಾಗ, ಗುಜರಾತಿನ ಭುಜ್ ಊರಿನ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಆಡಿ ಕಂಚಿನ ಪದಕವನ್ನು ತಂದರು. ಪ್ರದರ್ಶನದ್ದಾದ್ದರಿಂದ ಅದು ದೇಶದ ಪದಕಗಳ ಲೆಕ್ಕಕ್ಕೆ ಸೇರಲಿಲ್ಲ. ಮಹಾನಗರದಲ್ಲದ ಒಂದು ಊರಿನಿಂದ ಒಬ್ಬ ಅಲ್ಲಿಯವರೆಗೆ ಹೋದದ್ದು ಪಾವಗಡದ ಹುಡುಗನಿಗೂ ಆಸೆ ಹುಟ್ಟಿಸುವ ಸಂಗತಿಯೇ.

ಈ ಆಟಗಳಲ್ಲಿ ಶ್ರೇಯಾಂಕವನ್ನು ಕಟ್ಟುವ ಲೆಕ್ಕ ಬಂದದ್ದು ಚದುರಂಗದಿಂದ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅರ್ಪಾದ್ ಎಲೊ ರೂಪಿಸಿದ ಪದ್ಧತಿಯನ್ನು ಅಮೆರಿಕದ ಚದುರಂಗ ಸಂಸ್ಥೆ 1960ರಲ್ಲಿಯೂ ಅಂತರರಾಷ್ಟ್ರೀಯ ಸಂಸ್ಥೆ 1970ರಲ್ಲಿಯೂ ಅಳವಡಿಸಿಕೊಂಡವು. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಬಲ್ಲವನಿಗೆ ನೂರರಲ್ಲಿ ಸುಮಾರು 76 ಪಾಲು, 400ರ ಅಂತರವಿದ್ದರೆ 91 ಪಾಲು ದಕ್ಕಬೇಕೆಂದು ಆ ಲೆಕ್ಕ ನಿರೀಕ್ಷಿಸುತ್ತದೆ. ದುರ್ಬಲನನ್ನು ಗೆದ್ದರೆ ಬರುವುದು ಸ್ವಲ್ಪ. ಅವನಿಗೆ ಸೋತರೆ ಹೋಗುವುದು ಬಹಳ. ಚದುರಂಗದಲ್ಲಿ ಕಾಯಿಗಳೆಲ್ಲ ಇಬ್ಬರ ಕಣ್ಣೆದುರಿಗೇ ಇರುವುದರಿಂದ ಇದು ನ್ಯಾಯವಾಗಿಯೇ ನಡೆಯುತ್ತದೆ.

ಎಲೆಗಳನ್ನು ಕಲಸಿದೊಡನೆ ಪರಿಸ್ಥಿತಿ ಬೇರೆಯಾಗುತ್ತದೆ. ಮ್ಯಾಜಿಕ್ ಆಟದ ಜಗತ್ತಿನಲ್ಲಿ ಜಾನ್ ಫಿಂಕೆಲ್, ಜರ್ಮನಿಯ ಕಾಯ್ ಬುಡ್ಡೆ ಇವರ ಹೆಸರುಗಳು ನಮ್ಮಲ್ಲಿ ಚದುರಂಗಕ್ಕೆ ವಿಶ್ವನಾಥನ್ ಆನಂದರ ಹೆಸರಿದ್ದಂತೆ. ಬುಡ್ಡೆ ಏಳು ಬಾರಿ ಅಲ್ಲಿಯ ಅತ್ಯುನ್ನತ ಪಂದ್ಯಾವಳಿಯನ್ನು ಗೆದ್ದವರು. ಇಂಥವರೂ ದೊಡ್ಡ ಕೂಟಗಳಲ್ಲಿ ಗೆಲ್ಲುವುದು ನೂರು ಪಂದ್ಯಗಳಲ್ಲಿ 60 ರಿಂದ 65. ಮಿಕ್ಕವುಗಳಲ್ಲಿ ಸೋಲು. ಇದರ ಅರ್ಥವೇನೆಂದು ಒಂದು ಲೆಕ್ಕ ಹಾಕಿ ನೋಡಬಹುದು. ನೂರಕ್ಕೆ 60ರಂತೆ ಗೆಲ್ಲುವ ನಿಪುಣನೊಬ್ಬ ಸತತವಾಗಿ ಐದು ಸುತ್ತುಗಳನ್ನು ಗೆಲ್ಲುವ ಸಂಭವ ನೂರಕ್ಕೆ ಎಂಟು ಪಾಲೂ ತುಂಬುವುದಿಲ್ಲ. ನೂರಕ್ಕೆ 50ರಂತೆ ಗೆಲ್ಲುವ ಸಾಮಾನ್ಯನಿಗೆ ಅದೇ ಸಂಭವ ನೂರಕ್ಕೆ ಮೂರು ಪಾಲು. ಹೀಗಿರುವಲ್ಲಿ ಒಂದು ಭಾನುವಾರದ ಕೂಟದಲ್ಲಿ 32 ಜನ ಸೇರಿ, ಐದು ಸುತ್ತುಗಳಾಗಿ ಒಬ್ಬ ಮೊದಲಿಗನಾದರೆ, ಅವನು ಅಲ್ಲಿದ್ದ ಅತಿ ನಿಪುಣನೆಂದು ಹೇಳುವುದಕ್ಕೆ ಆಧಾರ ಸಾಲದು. ನೂರು ಆಟಗಳಾದ ಮೇಲೆ ಆ ಇಬ್ಬರ ನಡುವಿನ ಅಂತರ ಕಣ್ಣಿಗೆ ಕಾಣತೊಡಗುತ್ತದೆ. ಸಾವಿರ ಆಟಗಳಾದ ಮೇಲೆ ಸಂದೇಹವೇ ಉಳಿಯುವುದಿಲ್ಲ. ಆದುದರಿಂದ ಎಲೆಯಾಟದಲ್ಲಿ ಶ್ರೇಯಾಂಕ ಸುಳ್ಳು ಎನ್ನುವವರ ಮಾತೂ ಸರಿಯಲ್ಲ, ಅದೇ ಎಲ್ಲ ಎನ್ನುವವರ ಮಾತೂ ಸರಿಯಲ್ಲ. ಎಷ್ಟು ಆಟಗಳ ಶ್ರೇಯಾಂಕ ಎಂಬುದನ್ನು ಮೊದಲು ಕೇಳಬೇಕು. ಫೋನಿನ ಪರದೆ ಈ ಎರಡನೆಯ ಅಂಕಿಯನ್ನು ಮೊದಲನೆಯದರಷ್ಟು ದಪ್ಪಕ್ಷರದಲ್ಲಿ ತೋರಿಸುವುದಿಲ್ಲ.

ಅದೃಷ್ಟವನ್ನು ಕಳೆದು ಕೌಶಲವನ್ನು ಉಳಿಸಿಕೊಳ್ಳುವ ಜಾಣ್ಮೆ ಬ್ರಿಡ್ಜಿನವರಿಗೆ ಬಹುಕಾಲದಿಂದ ತಿಳಿದಿದೆ. ಒಂದು ಮೇಜಿನಲ್ಲಿ ಹಂಚಿದ ಎಲೆಗಳನ್ನು ಹಾಗೆಯೇ ಜೋಪಾನವಾಗಿಟ್ಟು ಮುಂದಿನ ಮೇಜಿಗೆ ಕಳುಹಿಸುತ್ತಾರೆ. ಅದೇ ಕೈಯನ್ನು ಬೇರೆ ಬೇರೆ ಜೋಡಿಗಳು ಆಡುತ್ತವೆ. ಕೆಟ್ಟ ಎಲೆ ಬಂದಿತೆಂದು ಯಾರೂ ಗೊಣಗುವಂತಿಲ್ಲ. ಅದೇ ಕೆಟ್ಟ ಎಲೆಯನ್ನು ಹಿಡಿದು ಮತ್ತೊಬ್ಬರು ಏನು ಮಾಡಿದರೆಂದು ಹೋಲಿಸಿ ಅಂಕ ಕೊಡುತ್ತಾರೆ. ಹಾರ್ತ್‌ಸ್ಟೋನ್ ಆಡಿದ ಅದೇ 2018ರ ಏಷ್ಯನ್ ಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಈ ಬಗೆಯ ಬ್ರಿಡ್ಜಿನಲ್ಲಿ ಚಿನ್ನದ ಪದಕವನ್ನು ಗೆದ್ದರು. ಒಬ್ಬರ ವಯಸ್ಸು 60, ಇನ್ನೊಬ್ಬರದು 56. ಇದು ಪ್ರದರ್ಶನದ್ದಲ್ಲ, ಲೆಕ್ಕಕ್ಕೆ ಸೇರಿದ ಚಿನ್ನ. ‘ಮಾತ್ರವೇ’ ಎಂಬ ಕಾಯ್ದೆಯ ಮಾತಿಗೆ ಎಲೆಯಾಟಗಳಲ್ಲಿ ಹತ್ತಿರ ಬರುವುದಾದರೆ ಇದೊಂದು ಬಂದೀತು. ಸಂಗ್ರಹದ ಎಲೆಯಾಟಕ್ಕೆ ಈ ಉಪಾಯ ಒದಗುವುದಿಲ್ಲ. ಕಟ್ಟೇ ಒಬ್ಬೊಬ್ಬರದು ಒಂದೊಂದಾಗಿರುವಾಗ ಒಂದೇ ಕೈಯನ್ನು ಎಲ್ಲರಿಗೂ ಕೊಡುವುದು ಹೇಗೆ?

ಇನ್ನು ಗದ್ದುಗೆಯ ಮಾತು. ಮ್ಯಾಜಿಕ್ ಆಟದ ಒಡೆಯರು ಬಹಳ ವರ್ಷಗಳ ಕಾಲ ಎಲೊ ಪದ್ಧತಿಯ ಶ್ರೇಯಾಂಕವನ್ನು ಇಟ್ಟುಕೊಂಡು, ಮೇಲಿನ ಅಂಕಗಳುಳ್ಳವರಿಗೆ ದೊಡ್ಡ ಕೂಟಗಳಿಗೆ ಆಹ್ವಾನವನ್ನೂ ಮೊದಲ ಸುತ್ತುಗಳಲ್ಲಿ ವಿನಾಯಿತಿಯನ್ನೂ ಕೊಡುತ್ತಿದ್ದರು. ಉದ್ದೇಶ ಒಳ್ಳೆಯದೇ. ಆದದ್ದು ಬೇರೆ. ಮಾದರಿಗಾಗಿ ಒಂದು ಪಂದ್ಯಕ್ಕೆ 16 ಅಂಕಗಳ ಪಣವೆಂದು ಇಟ್ಟುಕೊಳ್ಳಿ. ತನಗಿಂತ 200 ಅಂಕ ಕೆಳಗಿನವನನ್ನು ಗೆದ್ದರೆ ಬಲ್ಲವನಿಗೆ ಸಿಗುವುದು ಸುಮಾರು 4. ಸೋತರೆ ಹೋಗುವುದು ಸುಮಾರು 12. ನೂರರಲ್ಲಿ 65 ಗೆದ್ದರೆ ಅವನ ಸಂಪಾದನೆ 260. 35 ಸೋತರೆ ನಷ್ಟ 420. ಗೆಲವುಗಳು ಸೋಲಿನ ಸುಮಾರು ಎರಡರಷ್ಟಿದ್ದರೂ ಅವನು ಮೊದಲಿಗಿಂತ 160 ಅಂಕ ಕೆಳಗಿಳಿದಿರುತ್ತಾನೆ! ಚದುರಂಗದ ತಕ್ಕಡಿಯಲ್ಲಿ ಎಲೆಗಳನ್ನು ತೂಗಿದುದರ ಫಲವಿದು. ಹೀಗಾದಾಗ ಬುದ್ಧಿವಂತನು ಮಾಡುವ ಕೆಲಸವೇನು? ಆಹ್ವಾನಕ್ಕೆ ಬೇಕಾದಷ್ಟು ಅಂಕ ಕೈಸೇರಿದೊಡನೆ ಆಟವನ್ನು ನಿಲ್ಲಿಸಿ ಮನೆಯಲ್ಲಿ ಕುಳಿತುಕೊಳ್ಳುವುದು. ಅಲ್ಲಿ ನಡೆದದ್ದು ಅದೇ. ಆಡುವವರನ್ನು ಅಳೆಯಲೆಂದು ಮಾಡಿದ ಪಟ್ಟಿ ಆಡುವವರನ್ನು ಆಟದಿಂದಲೇ ಬಿಡಿಸಿತು.

2011ರಲ್ಲಿ ಆ ಸಂಸ್ಥೆ ಎಲೊ ಲೆಕ್ಕವನ್ನು ಕೈಬಿಟ್ಟು ಮತ್ತೊಂದನ್ನು ತಂದಿತು. ಅದರಲ್ಲಿ ಅಂಕಗಳು ಏರುತ್ತವೆ, ಇಳಿಯುವುದಿಲ್ಲ. ಗೆದ್ದರೆ ಮೂರು, ಸಮವಾದರೆ ಒಂದು, ದೊಡ್ಡ ಕೂಟವಾದರೆ ಅದರ ಕೆಲವು ಪಟ್ಟು. ಈಗ ಮನೆಯಲ್ಲಿ ಕೂರುವವರು ಇಲ್ಲವಾದರು, ನಿಜ. ಅದಕ್ಕೆ ಬದಲಾಗಿ ಊರೂರು ಅಲೆದು ಹೆಚ್ಚು ಕೂಟಗಳಲ್ಲಿ ಕೂರಬಲ್ಲವರ ಅಂಕ ಬೆಳೆಯಿತು. ಬಿಡುವೂ ದಾರಿಖರ್ಚೂ ಉಳ್ಳವರಿಗೆ ಅನುಕೂಲವಾಯಿತು. 2020ರಲ್ಲಿ ಆ ಲೆಕ್ಕವೂ ಕೊನೆಗೊಂಡಿತು.

ಖರ್ಚಿನ ಮಾತು ಬಂದುದರಿಂದ ಒಂದು ಮಾತನ್ನು ಸೇರಿಸಬೇಕು. ಸಂಗ್ರಹದ ಆಟದಲ್ಲಿ ಎಲೆಗಳನ್ನು ಮುಚ್ಚಿದ ಪೊಟ್ಟಣಗಳಲ್ಲಿ ಮಾರುತ್ತಾರೆ. ಮ್ಯಾಜಿಕ್ ಆಟದಲ್ಲಿ ಬಹುಕಾಲ 15 ಎಲೆಗಳ ಪೊಟ್ಟಣಕ್ಕೆ ಒಂದೇ ಒಂದು ವಿರಳವಾದ ಎಲೆ ಇರುವುದು ವಾಡಿಕೆಯಾಗಿತ್ತು. ಬೇಕಾದ ಎಲೆಗಾಗಿ ಪೊಟ್ಟಣಗಳ ಮೇಲೆ ಪೊಟ್ಟಣಗಳನ್ನು ಒಡೆಯಬೇಕು, ಇಲ್ಲವೆ ಬಿಡಿ ಎಲೆಯನ್ನು ದುಬಾರಿ ಬೆಲೆಗೆ ಕೊಳ್ಳಬೇಕು. ಹಣ ಸುರಿದವನು ಗೆದ್ದೇ ಗೆಲ್ಲುತ್ತಾನೆಂದಲ್ಲ. ಒಳ್ಳೆಯ ಎಲೆಗಳನ್ನು ಕೆಟ್ಟದಾಗಿ ಆಡುವವರೂ ಬೇಕಾದಷ್ಟಿದ್ದಾರೆ. ಆದರೆ ಸಮಾನ ಬುದ್ಧಿಯ ಇಬ್ಬರಲ್ಲಿ ಒಬ್ಬನ ಮನೆ ಬೆಂಗಳೂರಿನ ಬಡಾವಣೆಯಲ್ಲಿದ್ದು, ಇನ್ನೊಬ್ಬನ ಮನೆ ಮಳೆ ಕಾಣದ ಪಾವಗಡದ ಗಡಿಹಳ್ಳಿಯಲ್ಲಿದ್ದರೆ, ಶ್ರೇಯಾಂಕದ ಪಟ್ಟಿ ಅವರ ಬುದ್ಧಿಯ ಜೊತೆಗೆ ಅವರ ಅಪ್ಪಂದಿರ ಜೇಬನ್ನೂ ಕೂಡಿಸಿ ತೂಗುತ್ತದೆ. ತೂಗಿದ ಮೇಲೆ ಯಾವುದು ಎಷ್ಟೆಂದು ಬಿಡಿಸಿ ಹೇಳುವುದಿಲ್ಲ.

ಮೊದಲು ಹೇಳಿದ ಎರಡನೆಯ ದಾರಿಗೆ ಈಗ ಬರಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯವು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಮಧುಗಿರಿ ಎಂಬ ಪ್ರತ್ಯೇಕ ಜಿಲ್ಲೆ. ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ದಿನ ರಾಜ್ಯದ ಜಿಲ್ಲೆಗಳನ್ನೆಲ್ಲ ಸಾಲಾಗಿ ನಿಲ್ಲಿಸುವ ಪಟ್ಟಿಯಲ್ಲಿ ತುಮಕೂರಿಗೆ ಒಂದು ಸ್ಥಾನ, ಮಧುಗಿರಿಗೆ ಇನ್ನೊಂದು. ಉಳಿದ ದಿನಗಳಲ್ಲಿ ಯಾರ ನೆನಪಿಗೂ ಬಾರದ ಒಂದು ಜಿಲ್ಲೆ ಆ ದಿನ ರಾಜ್ಯದ ಮುಂದೆ ಕಾಣಿಸಿಕೊಳ್ಳುತ್ತದೆ. 2020ರಲ್ಲಿ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರಗಳ ಜೊತೆಗೆ ಮಧುಗಿರಿ ಮೊದಲ ಮೂರರಲ್ಲಿ ಬಂದಾಗ ಇಲ್ಲಿಯ ಅಧ್ಯಾಪಕರು ಪಟ್ಟ ಸಂತೋಷ ಕೃತಕವಲ್ಲ.

2023ರ ಪಟ್ಟಿಯನ್ನು ನೋಡಿ. ನಮ್ಮ ನೆರೆಯ ಚಿತ್ರದುರ್ಗ ನೂರಕ್ಕೆ 96.80, ಮಂಡ್ಯ 96.74, ಹಾಸನ 96.68. ಒಂದನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರ 0.06. ಹತ್ತು ಸಾವಿರ ಮಕ್ಕಳು ಪರೀಕ್ಷೆಗೆ ಕುಳಿತಿದ್ದರೆ ಅದು ಆರು ಮಕ್ಕಳ ಅಂತರ. ಆ ಆರು ಮಕ್ಕಳಲ್ಲಿ ಒಬ್ಬನಿಗೆ ಪರೀಕ್ಷೆಯ ದಿನ ಜ್ವರ ಬಂದಿರಬಹುದು, ಒಬ್ಬಳಿಗೆ ಬಸ್ಸು ತಪ್ಪಿರಬಹುದು. ಐದು ಸುತ್ತಿನ ಭಾನುವಾರದ ಕೂಟಕ್ಕೂ ಇದಕ್ಕೂ ಹೆಚ್ಚಿನ ಭೇದ ನನಗೆ ಕಾಣುವುದಿಲ್ಲ. ಮರುವರ್ಷ, 2024ರಲ್ಲಿ, ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ನೇರವಾಗಿ ನೋಡುವ ವ್ಯವಸ್ಥೆ ಬಂದಿತು. ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಮಿತಿಯನ್ನು ನೂರಕ್ಕೆ 10ರಿಂದ 20ಕ್ಕೆ ಏರಿಸಿದ ಮೇಲೆ. ಉಡುಪಿ ಮೊದಲಾಯಿತು, ಹಿಂದಿನ ವರ್ಷ ಮೊದಲಿದ್ದ ಚಿತ್ರದುರ್ಗ 21ನೆಯ ಸ್ಥಾನಕ್ಕೆ ಹೋಯಿತು. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಮಕ್ಕಳ ಬುದ್ಧಿಯಾಗಲಿ ಅಧ್ಯಾಪಕರ ಶ್ರದ್ಧೆಯಾಗಲಿ ಇಷ್ಟು ಬದಲಾಗುವುದಿಲ್ಲ. ಬದಲಾದದ್ದು ಆಟದ ನಿಯಮ. ಗಂಜೀಫಾದಲ್ಲಿ ರಂಗು ಬದಲಾದಂತೆ.

ಇದರಲ್ಲಿ ಯಾರ ಮೇಲೂ ದೋಷ ಹೊರಿಸುವ ಉದ್ದೇಶ ನನ್ನದಲ್ಲ. ಸ್ಥಾನಕ್ಕಾಗಿ ಬಡ್ತಿ, ಬೈಗುಳ, ಸನ್ಮಾನ, ನೋಟೀಸುಗಳು ಕಾಯುತ್ತಿರುವಾಗ ಮುಖ್ಯೋಪಾಧ್ಯಾಯರೂ ಮ್ಯಾಜಿಕ್ ಆಟಗಾರನ ಹಾಗೆಯೇ ಲೆಕ್ಕ ಹಾಕುತ್ತಾರೆ. ತೇರ್ಗಡೆಯಾಗುವುದು ಸಂದೇಹವೆನಿಸಿದ ಹುಡುಗ ಅವರಿಗೆ ‘ಗೆದ್ದರೆ ನಾಲ್ಕು, ಸೋತರೆ ಹನ್ನೆರಡು’ ಎಂಬ ಎದುರಾಳಿಯಂತೆ ಕಾಣತೊಡಗುತ್ತಾನೆ. ಅವನನ್ನು ಕಟ್ಟಿಕೊಂಡು ಹೆಣಗುವುದಕ್ಕಿಂತ ಈ ವರ್ಷ ಪರೀಕ್ಷೆಗೆ ಕೂರದಂತೆ ಮಾಡುವುದು ಸುಲಭವೆಂಬ ಯೋಚನೆ ಯಾರ ತಲೆಯಲ್ಲಿಯೂ ಹುಟ್ಟದೆಂದು ಹೇಳುವ ಧೈರ್ಯ ನನಗಿಲ್ಲ. ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದುವ ಪಾವಗಡದ ಹುಡುಗಿ ಅದರಲ್ಲಿ ಎಪ್ಪತ್ತು ಅಂಕ ತೆಗೆದರೆ, ಅದು ನಳ ಎರಡನೆಯ ಬಾರಿ ಆಡಿದಂಥ ಆಟ. ಪಟ್ಟಿಯಲ್ಲಿ ಅದಕ್ಕೆ ಬೇರೆ ಕಾಲಂ ಇಲ್ಲ.

ಆದರೆ ಪಟ್ಟಿಯೇ ಬೇಡವೆಂದರೆ ಅದೂ ಅವಿವೇಕ. ಬಲ್ಲವನಿಗೆ ಬಲ್ಲವನನ್ನು, ಹೊಸಬನಿಗೆ ಹೊಸಬನನ್ನು ಜೋಡಿಸುವುದಕ್ಕೆ ಶ್ರೇಯಾಂಕ ಬೇಕು. ಅದಿಲ್ಲದಿದ್ದರೆ ಹೊಸಬ ಮೊದಲ ದಿನವೇ ಸೋತು ಸುಣ್ಣವಾಗಿ ಆಟ ಬಿಡುತ್ತಾನೆ. ಫೋನಿನ ಎಲೆಯಾಟಗಳಲ್ಲಿ ಶ್ರೇಯಾಂಕ ಸರಿಯಾಗಿ ಕೆಲಸ ಮಾಡುವುದು ಅಲ್ಲಿಯೇ. ಅಲ್ಲಿ ಇನ್ನೊಂದು ಒಳ್ಳೆಯ ಪದ್ಧತಿಯನ್ನೂ ಕಾಣಬಹುದು: ಹಾರ್ತ್‌ಸ್ಟೋನಿನಲ್ಲಿ ತಿಂಗಳು ಮುಗಿದೊಡನೆ ಎಲ್ಲರೂ ಏಣಿಯಿಂದ ಇಳಿದು ಮತ್ತೆ ಕೆಳಗಿನಿಂದ ಹತ್ತತೊಡಗಬೇಕು. ಹೋದ ತಿಂಗಳ ಹಿರಿಮೆ ಈ ತಿಂಗಳ ಊಟಕ್ಕೆ ಒದಗುವುದಿಲ್ಲ. ಹೋದ ತಿಂಗಳ ಸೋಲೂ ಬೆನ್ನು ಹತ್ತುವುದಿಲ್ಲ. ಇ-ಕ್ರೀಡೆಯ ಮಾನ್ಯತೆಯನ್ನು ನಿರ್ಣಯಿಸುವವರು ಎಲೆಯಾಟಗಳನ್ನು ಪರಿಶೀಲಿಸುವ ದಿನ ಬಂದರೆ, ಮೊದಲ ಹತ್ತು ಹೆಸರುಗಳನ್ನು ಮಾತ್ರ ಕೇಳದೆ, ಆ ಹೆಸರುಗಳು ಎಷ್ಟು ಸಾವಿರ ಆಟಗಳ ಮೇಲೆ ನಿಂತಿವೆ, ವರ್ಷದ ಮೇಲೆ ವರ್ಷ ಮರಳಿ ಬರುತ್ತವೆಯೆ, ಹಣವಿಲ್ಲದವನ ಕಟ್ಟಿನಿಂದಲೂ ಅಲ್ಲಿಗೆ ಏರಿದವರುಂಟೆ ಎಂದು ಕೇಳಬೇಕು. ‘ಮಾತ್ರವೇ’ ಎಂಬ ಮಾತನ್ನು ಅಕ್ಷರಶಃ ಹಿಡಿದರೆ ಇಂಥ ಆಟಗಳೆಲ್ಲ ಹೊರಗೆ. ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ 1967ರ ‘ಪ್ರಧಾನವಾಗಿ’ಯೇ ಹೆಚ್ಚು ವಿವೇಕದ ಮಾತಾಗಿತ್ತೆಂದು ತೋರೀತು.

ನಮ್ಮ ಇಲಾಖೆಯೂ 2024ರಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ಇಟ್ಟಿತು. ಮೊದಲನೆಯದರಲ್ಲಿ ಸೋತವರು ಎರಡನೆಯದನ್ನು, ಅಲ್ಲಿಯೂ ಸೋತವರು ಮೂರನೆಯದನ್ನು ಬರೆಯಬಹುದಾಗಿತ್ತು. ಪಡೆದ ಅಂಕಗಳಲ್ಲಿ ಉತ್ತಮವಾದುದು ಮಗುವಿನ ಪಾಲಿಗೆ ಉಳಿಯುತ್ತಿತ್ತು. ಎರಡನೆಯ ಬಾರಿ ಆಡುವ ಅವಕಾಶ ನಳನಿಗೆ ಮಾತ್ರವಲ್ಲದೆ ಶಿರಾದ ಹುಡುಗನಿಗೂ ಸಿಕ್ಕಿದೆ ಎನ್ನಬಹುದು. ಆದರೆ ಪತ್ರಿಕೆಗಳ ಮುಖಪುಟದಲ್ಲಿ ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸುವ ಪಟ್ಟಿ ಮೊದಲನೆಯ ಪರೀಕ್ಷೆಯದು. ಎರಡನೆಯ, ಮೂರನೆಯ ಪರೀಕ್ಷೆಗಳಲ್ಲಿ ಗೆದ್ದುಬಂದ ಮಕ್ಕಳು ಆ ಸಾಲಿನ ಯಾವ ಅಂಕಿಯಲ್ಲಿಯೂ ಇಲ್ಲ.